ಕರ್ನಲ್ ಒಳಗಿನ ಗೂಢಲಿಪಿ: ಒಂದೇ ಕೋಡ್, ಹಲವರ ಹೊಣೆ



ಹಾಸನ ಸೀಮೆಯ ಗಂಡಸಿ ಹೋಬಳಿಯ ರೈತರು ಬೆಂಬಲ ಬೆಲೆಗೆ ಕೊಬ್ಬರಿ ಮಾರಲು 2024ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕಾಯಿತು. ನ್ಯಾಯಬೆಲೆ ಅಂಗಡಿಯಲ್ಲಂತೂ ತಿಂಗಳು ತಿಂಗಳೂ ಬೆರಳಿಡುತ್ತೇವೆ. ಗಾಜಿನ ಮೇಲಿಟ್ಟ ಆ ಬೆರಳಿನ ಗುರುತು ಆಧಾರ್ ಪ್ರಾಧಿಕಾರದ ಯಂತ್ರಗಳನ್ನು ತಲುಪುವ ತನಕ ನಡುದಾರಿಯಲ್ಲಿ ಯಾರೂ ಅದನ್ನು ಓದಕೂಡದು. ಹಾಗಾಗಿ ಸಾಧನದಲ್ಲೇ ಅದನ್ನು ಎಇಎಸ್-256 ವಿಧಾನದಲ್ಲಿ ಗೂಢಲಿಪಿಗೆ ತಿರುಗಿಸುತ್ತಾರೆ. ಪ್ರತಿ ಸಲಕ್ಕೂ ಹೊಸ ಕೀಲಿ. ಆ ಕೀಲಿಯನ್ನು ಪ್ರಾಧಿಕಾರದ 2048 ಬಿಟ್ಟಿನ ಆರ್‌ಎಸ್‌ಎ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಜೊತೆಗೆ ಕಳಿಸುತ್ತಾರೆ.

ಈ ಹೊಸ ಕೀಲಿ ಬರುವುದೆಲ್ಲಿಂದ? ಯಾರೂ ಊಹಿಸಲಾಗದ ಸಂಖ್ಯೆಯೊಂದು ಬೇಕು. ಆಂಡ್ರಾಯ್ಡ್ ಫೋನಿನ ಆಪ್‌ಗಳಿಗೆ ಅಂಥ ಸಂಖ್ಯೆಯನ್ನು ಒದಗಿಸುವುದು ಫೋನಿನ ತಳದಲ್ಲಿರುವ ಲಿನಕ್ಸ್ ಕರ್ನಲ್. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಇವುಗಳ ಮೇಲೆ ಪೂರ್ಣ ಅಧಿಕಾರ ಇರುವುದು ಕರ್ನಲ್ಲಿಗೆ ಮಾತ್ರ. ಉಳಿದ ಆಪ್‌ಗಳೆಲ್ಲ ಅದನ್ನು ಕೇಳಿ ಪಡೆಯುತ್ತವೆ. ಊಹೆಗೆ ಸಿಗದ ಸಂಖ್ಯೆಗಳನ್ನು ಹುಟ್ಟಿಸಲು ಈ ಕರ್ನಲ್ 2016ರಿಂದ ಬಳಸುತ್ತಿರುವ ವಿಧಾನದ ಹೆಸರು ಚಾಚಾ20. ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ ಅದನ್ನು 2008ರಲ್ಲಿ ಪ್ರಕಟಿಸಿದರು.

ಇದೇ ಚಾಚಾ ಕರ್ನಲ್ ಒಳಗೆ ಇನ್ನೂ ಎರಡು ದೊಡ್ಡ ಕೆಲಸ ಮಾಡುತ್ತದೆ. ಅಗ್ಗದ ಫೋನುಗಳಲ್ಲಿ ನಮ್ಮ ಫೋಟೊ, ಪತ್ರ, ಲೆಕ್ಕಗಳನ್ನು ಡಿಸ್ಕಿನ ಮೇಲೆ ಗುಟ್ಟಾಗಿಡುತ್ತದೆ. ವೈರ್‌ಗಾರ್ಡ್ ಎಂಬ ವಿಪಿಎನ್‌ನಲ್ಲಿ ದೂರದೂರದ ಯಂತ್ರಗಳ ನಡುವಿನ ಮಾತನ್ನು ಕಾಯುತ್ತದೆ. ಮೂರೂ ಕೆಲಸಕ್ಕೆ ಕೋಡ್ ಒಂದೇ ಇರಬೇಕೋ, ಅವರವರದು ಅವರವರಿಗೋ? ಒಂದೇ ಇದ್ದರೆ ಎಲ್ಲಿರಬೇಕು, ಹೇಗಿರಬೇಕು, ಕಾಯುವವರು ಯಾರು? ಲಿನಕ್ಸ್ ಲೋಕದಲ್ಲಿ ಈ ಪ್ರಶ್ನೆಗಳ ಮೇಲೆ 2018ರಿಂದ 2020ರವರೆಗೆ ಗಂಭೀರ ವಾದ ನಡೆಯಿತು. ಇಂದಿನ ಉಪನ್ಯಾಸದ ವಸ್ತು ಅದೇ. ಇದು ಎಲ್ಲೋ ದೂರದ ತಜ್ಞರ ಜಗಳ ಅಂತ ನಾನು ಎಣಿಸುವುದಿಲ್ಲ. ಆ ವಾದ ನಡೆಯುತ್ತಿದ್ದಾಗಲೇ, ಅದೇ ಚಾಚಾದ ಬಲದಿಂದ, ಹೆಚ್ಚು ಹಣ ಕೊಡಲಾಗದವರ ಫೋನಿಗೂ ಭದ್ರ ರಕ್ಷಣೆ ಸಿಕ್ಕಿತು.

ಬಡವರ ಸಾಧನಕ್ಕೂ ರಕ್ಷಣೆ ಬೇಕೆಂಬ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮುಂತಾದವರು 2001ರಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ಲೋಕಕ್ಕೆ ತೋರಿಸಿದರು. ಅದರೊಳಗೆ ಇದ್ದದ್ದು ಲಿನಕ್ಸ್. ಒಂದು ಹಳ್ಳಿಗೆ ಒಂದೇ ಸಾಧನ ಇದ್ದರೂ ಸಾಲಬೇಕು ಎಂದು ಅವರು ಅದಕ್ಕೆ ಸ್ಮಾರ್ಟ್ ಕಾರ್ಡ್ ಹಾಕುವ ಕಿಂಡಿ ಇಟ್ಟರು. ಸಾಧನ ಎಲ್ಲರದು, ಕಾರ್ಡಿನಲ್ಲಿರುವ ವಿವರ ಅವರವರದು. 2004ರಲ್ಲಿ ಬಿಇಎಲ್ ಸಂಸ್ಥೆಯ ಜೊತೆಗೂಡಿ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು, ಆದರೆ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಬಡವರ ಕೈಗೆ ಬರುವ ಗಣಕದಲ್ಲೂ ಅವರ ಖಾಸಗಿತನ ಉಳಿಯಬೇಕು ಎಂದು ಸ್ಮಾರ್ಟ್‌ಫೋನ್ ಯುಗಕ್ಕೆ ಮೊದಲೇ ಯೋಚಿಸಿದವರು ನಮ್ಮವರು. ಅದನ್ನು ನಾವು ಅಭಿಮಾನದಿಂದ ನೆನೆಯಬೇಕು.

ಈಗ ಕರ್ನಲ್ಲಿನ ಕಥೆಗೆ ಬರೋಣ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಆರಂಭಿಸಿದಾಗ ಅದರಲ್ಲಿ ಗೂಢಲಿಪಿಗೆ ಸ್ಥಳವಿರಲಿಲ್ಲ. ಆಗ ಅಮೆರಿಕದ ಕಾನೂನು ಗಟ್ಟಿಯಾದ ಗೂಢಲಿಪಿಯನ್ನು ಯುದ್ಧ ಸಾಮಗ್ರಿಯಂತೆ ಕಂಡು ರಫ್ತನ್ನು ನಿರ್ಬಂಧಿಸುತ್ತಿತ್ತು. ಬೇಕಾದವರು ಬೇರೆ ದೇಶಗಳಲ್ಲಿ ತಯಾರಾದ ತೇಪೆಗಳನ್ನು ಹುಡುಕಿ ತಂದು ತಾವೇ ಹಚ್ಚಿಕೊಳ್ಳಬೇಕಿತ್ತು. 2000ದಲ್ಲಿ ಆ ನಿಯಮ ಸಡಿಲವಾಯಿತು. ಐಪಿಸೆಕ್ ಎಂಬ ಜಾಲ ಭದ್ರತೆಯ ವ್ಯವಸ್ಥೆಯನ್ನು ತರುವಾಗ, 2002ರಲ್ಲಿ, ಜೇಮ್ಸ್ ಮಾರಿಸ್ ಮತ್ತು ಡೇವಿಡ್ ಮಿಲ್ಲರ್ ಮೊದಲಾದವರು ಕರ್ನಲ್ಲಿಗೆ ತನ್ನದೇ ಗೂಢಲಿಪಿ ವಿಭಾಗವನ್ನು ಕಟ್ಟಿಕೊಟ್ಟರು.

ಆ ವಿಭಾಗ ನಡೆಯುವ ಕ್ರಮ ಹೀಗೆ. ಕರ್ನಲ್ಲಿನ ಬೇರೆ ಭಾಗಕ್ಕೆ ಗೂಢಲಿಪಿ ಬೇಕಾದಾಗ ಅದು ವಿಧಾನದ ಹೆಸರನ್ನು ಅಕ್ಷರಗಳಲ್ಲಿ ಬರೆದು ಕೇಳುತ್ತದೆ. ಆ ಹೆಸರಿನಲ್ಲಿ ಎಷ್ಟು ಕೋಡ್‌ಗಳಿವೆ, ಈ ಯಂತ್ರಕ್ಕೆ ಯಾವುದು ವೇಗ, ಗೂಢಲಿಪಿಗೆಂದೇ ಬೇರೆ ಚಿಪ್ ಇದೆಯೇ ಎಂದು ವಿಭಾಗ ನೋಡಿ ಆರಿಸುತ್ತದೆ. ಬೇರೆ ಚಿಪ್ ಇದ್ದರೆ ಉತ್ತರ ತಡವಾಗಿಯೂ ಬರಬಹುದು. ಹಾಗಾಗಿ ಕೇಳುವವರು ಕೋರಿಕೆಯನ್ನು ವಿಧಿವತ್ತಾಗಿ ಸಿದ್ಧಪಡಿಸಬೇಕು, ಮೆಮೊರಿಯ ತುಣುಕುಗಳನ್ನು ಪಟ್ಟಿ ಮಾಡಬೇಕು, ಉತ್ತರ ಬಂದಾಗ ಎಬ್ಬಿಸಲು ಗುರುತು ಕೊಡಬೇಕು, ಕೋರಿಕೆ ವಿಫಲವಾದರೆ ಏನೆಂದೂ ಬರೆದಿಡಬೇಕು. ದೊಡ್ಡ ದೊಡ್ಡ ದತ್ತಾಂಶಕ್ಕೆ ಈ ಏರ್ಪಾಡು ಸರಿ. ಆದರೆ ಮೂವತ್ತೆರಡು ಬೈಟ್‌ನ ಸಣ್ಣ ಲೆಕ್ಕಕ್ಕೂ ಇಷ್ಟೆಲ್ಲ ಮಾಡಬೇಕೆಂದಾಗ ಕೋಡ್ ಬರೆಯುವವರು ಬೇಸತ್ತರು. ಕೆಲವರು ವಿಭಾಗವನ್ನು ಬಿಟ್ಟು ತಮಗೆ ಬೇಕಾದಷ್ಟನ್ನು ತಾವೇ ನಕಲು ಮಾಡಿಕೊಂಡರು. ಒಂದೇ ವಿಧಾನದ ಕೋಡ್ ಕರ್ನಲ್ಲಿನಲ್ಲಿ ಅಲ್ಲಿ ಇಲ್ಲಿ ಬೇರೆ ಬೇರೆಯಾಗಿ ಬೆಳೆಯತೊಡಗಿತು.

ಗೂಢಲಿಪಿಯ ಕೋಡನ್ನು ಹೀಗೆ ಅವರವರೇ ಇಟ್ಟುಕೊಳ್ಳುವುದು ಏಕೆ ಅಪಾಯ ಎಂದು ಕೇಳಿದರೆ ನಾನು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಪ್ರಕರಣ ಹೇಳುತ್ತೇನೆ. ಓಪನ್‌ಎಸ್‌ಎಸ್‌ಎಲ್ ಎಂಬುದು ಜಗತ್ತಿನ ಬಹುಪಾಲು ಸರ್ವರ್‌ಗಳು ಬಳಸುವ ಗೂಢಲಿಪಿ ಸಂಗ್ರಹ. ಡೆಬಿಯನ್ ಬಳಗ 2006ರಲ್ಲಿ ತಮ್ಮ ಪ್ರತಿಯಲ್ಲಿ ಮಾತ್ರ ಒಂದು ತಿದ್ದುಪಡಿ ಮಾಡಿತು. ತಪಾಸಣೆಯ ತಂತ್ರಾಂಶವೊಂದು ಎಚ್ಚರಿಕೆ ಕೊಡುತ್ತಿದೆ ಎಂದು ಸಾಲನ್ನು ತೆಗೆದರು. ತೆಗೆದದ್ದು ಊಹಿಸಲಾಗದ ಸಂಖ್ಯೆಗೆ ಕಸುವು ತುಂಬುತ್ತಿದ್ದ ಸಾಲು. ಅಂದಿನಿಂದ ಆ ಯಂತ್ರಗಳಲ್ಲಿ ಒಂದೊಂದು ಬಗೆಯ ಕೀಲಿಗೂ ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ ಉಳಿದವು. ಒಂದು ಸಾಧಾರಣ ಗಣಕ ಅಷ್ಟನ್ನೂ ಬೇಗನೆ ಪರೀಕ್ಷಿಸಿ ಮುಗಿಸಬಲ್ಲದು. ಇದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು! ಬೇರೆ ಕೋಡ್ ಕೆಟ್ಟರೆ ಕೆಲಸ ನಿಲ್ಲುತ್ತದೆ, ಜನ ಕೂಗುತ್ತಾರೆ. ಗೂಢಲಿಪಿ ಕೆಟ್ಟರೆ ಕೆಲಸ ನಡೆಯುತ್ತಲೇ ಇರುತ್ತದೆ, ರಕ್ಷಣೆ ಮಾತ್ರ ಹೋಗಿರುತ್ತದೆ.

ಹಾಗೆಂದು ಎಲ್ಲರೂ ಒಂದೇ ಕೋಡನ್ನು ಬಳಸಿಬಿಟ್ಟರೆ ಕ್ಷೇಮ ಎಂದೂ ಹೇಳಲಾಗದು. ಅದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿತ್ತು. ಬಂದ ಸಂದೇಶದ ಉದ್ದ ಎಷ್ಟೆಂದು ಪರಿಶೀಲಿಸದೆ ಬಿಟ್ಟದ್ದರಿಂದ ಸರ್ವರಿನ ಮೆಮೊರಿಯ ಚೂರುಗಳನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದಿತ್ತು. ಜಗತ್ತಿನ ಲಕ್ಷಾಂತರ ಸರ್ವರ್‌ಗಳು ಒಮ್ಮೆಗೇ ಅಪಾಯಕ್ಕೆ ಸಿಕ್ಕಿದವು. ಇಷ್ಟು ಜನ ನೆಚ್ಚಿಕೊಂಡಿದ್ದ ಕೋಡನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ ಎಂಬ ಸತ್ಯವೂ ಆಗಲೇ ಎಲ್ಲರಿಗೂ ತಿಳಿದದ್ದು. ಹಂಚಿಕೊಂಡು ಬಳಸಿದವರು ಹೊಣೆಯನ್ನು ಹಂಚಿಕೊಂಡಿರಲಿಲ್ಲ.

ಈ ಎರಡು ಪಾಠಗಳ ಹಿನ್ನೆಲೆಯಲ್ಲಿ 2018ರ ವಾದವನ್ನು ನೋಡಬೇಕು. ಜೇಸನ್ ಡೋನೆನ್‌ಫೆಲ್ಡ್ ಎಂಬುವರು ವೈರ್‌ಗಾರ್ಡ್ ಬರೆದಿದ್ದರು. ಹಳೆಯ ವಿಪಿಎನ್‌ಗಳದ್ದು ಲಕ್ಷಗಟ್ಟಲೆ ಸಾಲಿನ ಕೋಡ್. ವೈರ್‌ಗಾರ್ಡ್‌ನದು ಸುಮಾರು 4,000 ಸಾಲು. ಒಬ್ಬರು ಕೂತು ಪೂರ್ತಿ ಓದಿ ಮುಗಿಸಬಹುದಾದಷ್ಟು. ಆ ವರ್ಷದ ಜುಲೈ ಕೊನೆಗೆ ಅವರು ಅದನ್ನು ಕರ್ನಲ್ಲಿಗೆ ಸೇರಿಸಿಕೊಳ್ಳಿ ಎಂದು ಮುಂದಿಟ್ಟರು. ಟೋರ್ವಾಲ್ಡ್ಸ್ ಅದನ್ನು ಕಲಾಕೃತಿಗೆ ಹೋಲಿಸಿ ಮೆಚ್ಚಿದರು. ಆದರೆ ಆ ಕಂತೆಯ ಜೊತೆಗೆ ಜಿಂಕ್ ಎಂಬ ಹೊಸ ಗೂಢಲಿಪಿ ಸಂಗ್ರಹವೂ ಬಂದಿತ್ತು. ಚಾಚಾ20, ಪಾಲಿ1305, ಬ್ಲೇಕ್2ಎಸ್, ಕರ್ವ್25519 ಈ ನಾಲ್ಕೂ ಗೂಢಲಿಪಿ ವಿಧಾನಗಳು ಅದರಲ್ಲಿದ್ದವು. ಹೆಸರು ಬರೆದು ಕೋರಿಕೆ ಸಲ್ಲಿಸುವ ರಗಳೆಯಿಲ್ಲ. ಬೇಕಾದ ಫಂಕ್ಷನ್ನನ್ನು ನೇರವಾಗಿ ಕರೆದರೆ ಸಾಕು, ಅಲ್ಲೇ ಉತ್ತರ.

ಗೂಢಲಿಪಿ ವಿಭಾಗದ ಉಸ್ತುವಾರಿ ಹರ್ಬರ್ಟ್ ಶೂ, ಎಆರ್‌ಎಂ ಪ್ರೊಸೆಸರುಗಳಿಗೆ ವೇಗದ ಕೋಡ್ ಬರೆದಿದ್ದ ಆರ್ಡ್ ಬೀಸ್‌ಹ್ಯೂವೆಲ್, ಗೂಗಲ್‌ನ ಎರಿಕ್ ಬಿಗರ್ಸ್ ಇದನ್ನು ಒಪ್ಪಲಿಲ್ಲ. ಚಾಚಾ ಮತ್ತು ಪಾಲಿ ಈಗಾಗಲೇ ಕರ್ನಲ್ಲಿನಲ್ಲಿವೆ, ಅವನ್ನು ಬಿಟ್ಟು ಪಕ್ಕದಲ್ಲಿ ಇನ್ನೊಂದು ಸಂಗ್ರಹ ಕಟ್ಟಿದರೆ ನಾಳೆ ದೋಷ ಸಿಕ್ಕಾಗ ಎರಡು ಕಡೆ ತಿದ್ದಬೇಕಾದೀತು ಎಂಬುದು ಅವರ ಮಾತು. ಪರೀಕ್ಷಿಸಿ ಪಳಗಿದ ಕೋಡನ್ನು ಒಂದೇ ದೊಡ್ಡ ಕಂತೆಯಲ್ಲಿ ಬದಲಿಸುವುದು ಬೇಡ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಬನ್ನಿ, ಪ್ರತಿ ಹೆಜ್ಜೆಗೂ ಕಾರಣ ಕೊಡಿ ಎಂದು ಅವರು ಕೇಳಿದರು.

ಯಾರದು ಸರಿ? ಇಬ್ಬರದೂ ಸರಿಯಾಗಿತ್ತು ಎಂದು ತಪ್ಪಿಸಿಕೊಳ್ಳಲು ನನಗೆ ಇಷ್ಟವಿಲ್ಲ. ಕೋಡಿನ ರೂಪದ ವಿಚಾರದಲ್ಲಿ ಡೋನೆನ್‌ಫೆಲ್ಡ್ ಹೇಳಿದ್ದೇ ಸರಿ. ಗೂಢಲಿಪಿ ಬಳಸುವುದು ಕಷ್ಟವಾದರೆ ಜನ ತಪ್ಪಾಗಿ ಬಳಸುತ್ತಾರೆ, ಇಲ್ಲವೇ ಬಳಸುವುದನ್ನೇ ಬಿಡುತ್ತಾರೆ. ಕೋಡ್ ಇರಬೇಕಾದ ಜಾಗದ ವಿಚಾರದಲ್ಲಿ ಉಸ್ತುವಾರಿಗಳು ಪಟ್ಟು ಹಿಡಿದದ್ದೇ ಸರಿ. ಹಳೆಯದರ ಪಕ್ಕದಲ್ಲಿ ಹೊಸದನ್ನು ನಿಲ್ಲಿಸಿದ್ದರೆ ಯಾವ ರೋಗಕ್ಕೆ ಮದ್ದು ಬೇಕಿತ್ತೋ ಅದೇ ರೋಗ ಇನ್ನಷ್ಟು ಬಲಿಯುತ್ತಿತ್ತು.

ವಾದದ ನಡುವೆ ತಾಂತ್ರಿಕ ಸೂಕ್ಷ್ಮಗಳೂ ಇದ್ದವು. ಅದರಲ್ಲಿ ಎರಡನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಮೊದಲನೆಯದು ಸಮಯದ ಸೋರಿಕೆ. ಗುಟ್ಟಿನ ಕೀಲಿಯಲ್ಲಿರುವ ಬಿಟ್‌ಗಳನ್ನು ಅನುಸರಿಸಿ ಲೆಕ್ಕಕ್ಕೆ ಹೆಚ್ಚುಕಡಿಮೆ ಹೊತ್ತು ಹಿಡಿದರೆ, ಆ ಹೊತ್ತನ್ನು ಅಳೆದು ಕೀಲಿಯನ್ನೇ ಕಂಡುಹಿಡಿಯಬಹುದು. ಪಾಲ್ ಕೋಚರ್ ಇದನ್ನು 1996ರಲ್ಲೇ ತೋರಿಸಿದ್ದರು. ಕೋಷ್ಟಕ ನೋಡಿ ಲೆಕ್ಕ ಮಾಡುವ ಎಇಎಸ್ ಕೋಡಿಗೂ ಈ ಅಪಾಯ ಇದೆಯೆಂದು 2005ರಲ್ಲಿ ಬರ್ನ್‌ಸ್ಟೈನ್ ತೋರಿಸಿದರು. ಏಕೆಂದರೆ ಕೋಷ್ಟಕದ ಯಾವ ಮನೆ ಪ್ರೊಸೆಸರಿನ ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಇದೆ, ಯಾವುದು ಇಲ್ಲ ಎಂಬುದರ ಮೇಲೆ ಸಮಯ ಏರುಪೇರಾಗುತ್ತದೆ. ಚಾಚಾದಲ್ಲಿ ಕೋಷ್ಟಕವೇ ಇಲ್ಲ. ಮೂವತ್ತೆರಡು ಬಿಟ್ಟಿನ ಹದಿನಾರು ಸಂಖ್ಯೆಗಳನ್ನು ಇಟ್ಟುಕೊಂಡು ಕೂಡುವುದು, ಎಕ್ಸ್‌ಒಆರ್ ಮಾಡುವುದು, ಬಿಟ್‌ಗಳನ್ನು 16, 12, 8, 7 ಸ್ಥಾನ ತಿರುಗಿಸುವುದು ಇಷ್ಟೇ. ಹೀಗೆ ಇಪ್ಪತ್ತು ಸುತ್ತು. ಕೀಲಿ ಯಾವುದಿದ್ದರೂ ಹೊತ್ತು ಅಷ್ಟೇ.

ಎರಡನೆಯದು ಕರ್ನಲ್ಲಿಗೇ ವಿಶೇಷವಾದ ತೊಡಕು. ಪ್ರೊಸೆಸರಿನಲ್ಲಿ ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕಿಸುವ ಅಗಲವಾದ ರಿಜಿಸ್ಟರುಗಳಿರುತ್ತವೆ. ಅವನ್ನು ಬಳಸಿದರೆ ಚಾಚಾ ಹಲವು ಪಟ್ಟು ಚುರುಕಾಗುತ್ತದೆ. ಆದರೆ ಆ ರಿಜಿಸ್ಟರುಗಳಲ್ಲಿ ಆ ಕ್ಷಣ ಯಾವುದೋ ಆಪ್‌ನ ಲೆಕ್ಕ ಕೂತಿರಬಹುದು. ಕರ್ನಲ್ ಅದನ್ನು ಬದಿಗೆ ಬರೆದಿಟ್ಟು, ತನ್ನ ಕೆಲಸ ಮುಗಿಸಿ, ಮರಳಿ ಮೊದಲಿನಂತೆ ಒಪ್ಪಿಸಬೇಕು. ಜಾಲದ ಪ್ರತಿ ಪ್ಯಾಕೆಟ್ಟಿಗೂ ಹೀಗೆ ಮಾಡಿದರೆ ಉಳಿಸಿದ ಸಮಯವೆಲ್ಲ ಎತ್ತಿಡುವುದರಲ್ಲೇ ಕಳೆಯುತ್ತದೆ. ಒಮ್ಮೆ ಎತ್ತಿಟ್ಟು ಹಲವು ಪ್ಯಾಕೆಟ್ ಮುಗಿಸೋಣವೆಂದರೆ ಅಷ್ಟು ಹೊತ್ತು ಯಂತ್ರದ ಬೇರೆ ಕೆಲಸಗಳು ಕಾಯಬೇಕು. ಈ ಹದವನ್ನು ಪ್ರತಿಯೊಬ್ಬರೂ ತಮ್ಮ ನಕಲಿನಲ್ಲಿ ಬೇರೆ ಬೇರೆಯಾಗಿ ಹುಡುಕುವುದು ವ್ಯರ್ಥ. ಒಂದು ಕಡೆ, ಬಲ್ಲವರ ಕೈಯಲ್ಲಿ, ಸರಿಯಾಗಿ ಕೂತರೆ ಎಲ್ಲರಿಗೂ ಆಯಿತು.

ಅದೇ 2018ರಲ್ಲಿ ಇನ್ನೊಂದು ಕಡೆ ಅಗ್ಗದ ಫೋನುಗಳ ಪ್ರಶ್ನೆ ಎದ್ದಿತ್ತು. ದುಬಾರಿ ಫೋನಿನ ಪ್ರೊಸೆಸರಿನಲ್ಲಿ ಎಇಎಸ್‌ಗೆಂದೇ ಪ್ರತ್ಯೇಕ ಆಜ್ಞೆಗಳಿರುತ್ತವೆ. ಕಾರ್ಟೆಕ್ಸ್-ಎ7ನಂಥ ಅಗ್ಗದ ಪ್ರೊಸೆಸರಿನಲ್ಲಿ ಅವಿಲ್ಲ. ಅದರಲ್ಲಿ ಎಇಎಸ್‌ನಿಂದ ಡಿಸ್ಕನ್ನು ಕಾಯಲು ಹೊರಟರೆ ಫೋನ್ ತೆವಳುತ್ತದೆ. ಹಾಗಾಗಿ ಆಂಡ್ರಾಯ್ಡ್ ನಿಯಮವೇ ನಿಧಾನದ ಫೋನುಗಳಿಗೆ ಗೂಢಲಿಪಿಯಿಂದ ವಿನಾಯಿತಿ ಕೊಟ್ಟಿತ್ತು. ಅಂದರೆ ಕಳೆದುಹೋದ ಫೋನಿನಲ್ಲಿದ್ದದ್ದನ್ನು ಯಾರು ಬೇಕಾದರೂ ಓದಬಹುದಿತ್ತು, ಫೋನ್ ಬಡವರದ್ದಾದರೆ! ಗೂಗಲ್ ಮೊದಲು ಸ್ಪೆಕ್ ಎಂಬ ಹಗುರ ವಿಧಾನವನ್ನು ಯೋಚಿಸಿತು. ಅದನ್ನು ರೂಪಿಸಿದ್ದು ಅಮೆರಿಕದ ಬೇಹುಗಾರಿಕೆಯ ಎನ್‌ಎಸ್‌ಎ ಸಂಸ್ಥೆ. ಜಗತ್ತಿನ ತಜ್ಞರು ಅನುಮಾನಿಸಿದರು, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ತನ್ನ ಹಗುರ ಗೂಢಲಿಪಿಯ ಮಾನಕಕ್ಕೆ ಅದನ್ನು ಸೇರಿಸಿಕೊಳ್ಳಲಿಲ್ಲ. ಕರ್ನಲ್ಲಿಗೆ ಸೇರಿದ ಕೆಲವೇ ತಿಂಗಳಲ್ಲಿ ಅದನ್ನು ತೆಗೆದುಹಾಕಿದರು.

ಆಗ ಗೂಗಲ್‌ನವರೇ ಆದ ಪಾಲ್ ಕ್ರೌಲಿ ಮತ್ತು ಎರಿಕ್ ಬಿಗರ್ಸ್ ಅಡಿಯಾಂಟಮ್ ಎಂಬ ಹೊಸ ವಿಧಾನ ರೂಪಿಸಿದರು. ಚಾಚಾವನ್ನು ಡಿಸ್ಕಿಗೆ ಹಾಗೆಯೇ ಬಳಸುವಂತಿಲ್ಲ. ಡಿಸ್ಕಿನ 4,096 ಬೈಟ್‌ನ ಒಂದು ತುಣುಕು ಗೂಢಲಿಪಿಯಾದ ಮೇಲೂ 4,096 ಬೈಟ್ ಆಗಿಯೇ ಇರಬೇಕು, ಪ್ರತಿ ಸಲದ ಬರಹಕ್ಕೆ ಹೊಸ ಸಂಖ್ಯೆ ಬರೆದಿಡಲು ಅಲ್ಲಿ ಜಾಗವಿಲ್ಲ. ಅದೇ ಜಾಗಕ್ಕೆ ಚಾಚಾ ಹುಟ್ಟಿಸುವ ಅದೇ ಸಂಖ್ಯಾ ಸರಣಿಯಿಂದ ಎರಡು ಸಲ ಬರೆದರೆ ಎರಡನ್ನೂ ಹೋಲಿಸಿ ಗುಟ್ಟು ಒಡೆಯಬಹುದು. ಇದನ್ನು ತಪ್ಪಿಸಲು ಅವರು ಹನ್ನೆರಡು ಸುತ್ತಿನ ಚಾಚಾ, ಪಾಲಿ1305 ಮತ್ತು ಒಂದೇ ಒಂದು ಸಲದ ಎಇಎಸ್ ಲೆಕ್ಕವನ್ನು ಜಾಣತನದಿಂದ ಹೆಣೆದರು. ಕಾರ್ಟೆಕ್ಸ್-ಎ7ನಲ್ಲಿ ಇದು ಎಇಎಸ್‌ಗಿಂತ ಸುಮಾರು ಐದು ಪಟ್ಟು ವೇಗ. 2019ರ ಫೆಬ್ರವರಿಯಲ್ಲಿ ಗೂಗಲ್ ಇದನ್ನು ಸಾರ್ವಜನಿಕವಾಗಿ ಘೋಷಿಸಿತು, ಇದು ಲಿನಕ್ಸ್ 5.0ಕ್ಕೆ ಸೇರಿತು. ಆ ವರ್ಷದ ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳಿಗೆ ವಿನಾಯಿತಿ ಇಲ್ಲವಾಯಿತು. ಅಗ್ಗದ್ದಿರಲಿ ದುಬಾರಿಯಿರಲಿ, ಗೂಢಲಿಪಿ ಕಡ್ಡಾಯ.

ಬಿಗರ್ಸ್ ಜಿಂಕ್ ಅನ್ನು ಒಪ್ಪದಿರಲು ಇದೂ ಒಂದು ಹಿನ್ನೆಲೆ. ಚಾಚಾದ ಸುತ್ತುಗಳನ್ನು ಬೇಕಾದಂತೆ ಬದಲಿಸಬಹುದಾದ ಹಾಗೆ ಅವರು ಕರ್ನಲ್ಲಿನಲ್ಲಿದ್ದ ಕೋಡನ್ನೇ ಆಗ ತಿದ್ದುತ್ತಿದ್ದರು. ವಿಪಿಎನ್‌ಗೆ ಬೇಕಾದ ಇಪ್ಪತ್ತು ಸುತ್ತು, ಡಿಸ್ಕಿಗೆ ಬೇಕಾದ ಹನ್ನೆರಡು ಸುತ್ತು ಒಂದೇ ಕೋಡಿನಿಂದ ಬರಬೇಕೆಂಬುದು ಅವರ ದಾರಿ.

ಕೊನೆಗೆ 2019ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನ ಕರ್ನಲ್ ರೆಸಿಪೀಸ್ ಸಮ್ಮೇಳನದಲ್ಲಿ ಇದರ ಮಾತುಕತೆ ನಡೆಯಿತು. ಡೋನೆನ್‌ಫೆಲ್ಡ್ ಜಿಂಕ್ ಅನ್ನು ಬಿಟ್ಟುಕೊಟ್ಟರು. ಅದರ ತಿರುಳನ್ನು ಆರ್ಡ್ ಬೀಸ್‌ಹ್ಯೂವೆಲ್ ಎತ್ತಿಕೊಂಡು, ಹಳೆಯ ವಿಭಾಗದ ಜೊತೆಜೊತೆಗೇ, ನೇರವಾಗಿ ಕರೆಯಬಹುದಾದ ಗೂಢಲಿಪಿ ಗ್ರಂಥಾಲಯವಾಗಿ ಹೊಂದಿಸಿಕೊಟ್ಟರು. ಕರ್ವ್25519ಕ್ಕೆ ಗಣಿತದ ಪುರಾವೆಯಿಂದ ಪರಿಶೀಲಿಸಿದ ಕೋಡ್ ಬಂತು. 64 ಬಿಟ್‌ನದು ಫ್ರಾನ್ಸ್‌ನ ಇನ್ರಿಯಾ ಮತ್ತು ಮೈಕ್ರೊಸಾಫ್ಟ್ ಸಂಶೋಧಕರು ಸೇರಿ ರೂಪಿಸಿದ್ದು, 32 ಬಿಟ್‌ನದು ಅಮೆರಿಕದ ಎಂಐಟಿಯದು. ವೈರ್‌ಗಾರ್ಡ್ 2020ರ ಮಾರ್ಚ್ 29ರಂದು ಲಿನಕ್ಸ್ 5.6ರ ಜೊತೆ ಹೊರಬಂತು. ನಮ್ಮ ದೇಶದಲ್ಲಿ ಲಾಕ್‌ಡೌನ್ ಶುರುವಾಗಿ ಆಗಿನ್ನೂ ಐದನೆಯ ದಿನ. ಬೆಂಗಳೂರಿನಿಂದ ಊರಿಗೆ ಮರಳಿದ ಎಷ್ಟೋ ಮಕ್ಕಳು ವಿಪಿಎನ್ ಹಾಕಿಕೊಂಡು ಜಗಲಿಯಲ್ಲಿ ಕೂತು ಕೆಲಸ ಮಾಡಿದ ಕಾಲ ಅದು.

ಇಪ್ಪತ್ತು ತಿಂಗಳು ತಡವಾಯಿತಲ್ಲ ಎಂದು ಅಂದು ಹಲವರು ಕೊರಗಿದರು. ಆ ಇಪ್ಪತ್ತು ತಿಂಗಳು ಸಾರ್ಥಕ ಎಂದೇ ನನ್ನ ತೀರ್ಮಾನ. 2022ರಲ್ಲಿ ಡೋನೆನ್‌ಫೆಲ್ಡ್ ಕರ್ನಲ್ಲಿನ ಊಹಾತೀತ ಸಂಖ್ಯೆಗಳ ಕೋಡನ್ನು ಸುಧಾರಿಸಲು ಹೊರಟಾಗ, ಹಳೆಯ ಎಸ್‌ಎಚ್‌ಎ-1 ವಿಧಾನದ ಜಾಗಕ್ಕೆ ಬ್ಲೇಕ್2ಎಸ್ ಅನ್ನು ಅದೇ ಗ್ರಂಥಾಲಯದಿಂದ ತಂದು ಕೂರಿಸಿದರು. ವಿಪಿಎನ್‌ಗೆಂದು ಬಂದದ್ದು ಎಲ್ಲರ ಕೀಲಿಗಳ ತಾಯಿಬೇರಿಗೆ ಒದಗಿತು. 2025ರಲ್ಲಿ ಎಸ್‌ಎಚ್‌ಎ-2 ಮುಂತಾದವೂ ಈ ಗ್ರಂಥಾಲಯದ ಕ್ರಮಕ್ಕೆ ಬಂದವು, ಅವುಗಳಿಗೆ ಪ್ರತ್ಯೇಕ ಪರೀಕ್ಷೆಗಳೂ ಸೇರಿದವು. ಉಸ್ತುವಾರಿ ಹೊತ್ತವರು ಬಿಗರ್ಸ್, ಡೋನೆನ್‌ಫೆಲ್ಡ್, ಬೀಸ್‌ಹ್ಯೂವೆಲ್, ಅಂದರೆ ಒಂದು ಕಾಲಕ್ಕೆ ಎದುರು ಬದುರು ನಿಂತು ವಾದಿಸಿದ ಅದೇ ಮೂವರು.

ಹೊಣೆಯ ಬಗ್ಗೆ ಒಂದು ಮಾತು. ಕರ್ನಲ್ಲಿಗೆ ಸೇರುವ ಪ್ರತಿ ತಿದ್ದುಪಡಿಯ ಕೆಳಗೆ ಬರೆದವರ ಹೆಸರು ಇರಲೇಬೇಕು ಎಂಬ ನಿಯಮ 2004ರಿಂದ ಇದೆ. ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಸಹಿ ಅದು. ಪರಿಶೀಲಿಸಿದವರು, ಪರೀಕ್ಷಿಸಿದವರು ತಮ್ಮ ಹೆಸರನ್ನೂ ಸೇರಿಸುತ್ತಾರೆ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿದ್ದನ್ನು, ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರು ಬಿಟ್ಟುಹೋದದ್ದನ್ನು ಕಂಡ ಹಾಸನ ಸೀಮೆಯವರಿಗೆ ಈ ಪದ್ಧತಿ ಹೊಸದೆನಿಸಬಾರದು. ಹೆಸರಿದ್ದ ಕಡೆ ಕೆಲಸ ಅಚ್ಚುಕಟ್ಟಾಗುತ್ತದೆ, ದೋಷ ಕಂಡಾಗ ಕೇಳಲು ಯಾರಾದರೂ ಇರುತ್ತಾರೆ.

ಕರ್ನಲ್ಲಿನ ಈ ಹೆಸರುಗಳ ಸಾಲಿನಲ್ಲಿ ನಮ್ಮ ಹಳ್ಳಿಗಳಿಂದ ಹೋದವರ ಹೆಸರುಗಳೂ ಹೆಚ್ಚಾಗಬೇಕು. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಕರ್ನಲ್ಲಿನ ಪೂರ್ತಿ ಕೋಡ್ ಯಾರು ಬೇಕಾದರೂ ಇಳಿಸಿಕೊಂಡು ಓದುವಂತಿದೆ. ಅದರಲ್ಲಿ ಲಿಬ್ ಎಂಬ ಕೋಶದೊಳಗೆ ಕ್ರಿಪ್ಟೊ ಎಂಬ ಉಪಕೋಶ ತೆರೆಯಿರಿ. ಚಾಚಾದ ಮೂಲ ಲೆಕ್ಕ ಕೆಲವೇ ಪುಟಗಳಷ್ಟು. ಆರ್‌ಎಫ್‌ಸಿ 8439 ಎಂಬ ಸಾರ್ವಜನಿಕ ದಾಖಲೆಯಲ್ಲಿ ಅದರ ಪರೀಕ್ಷಾ ಉದಾಹರಣೆಗಳಿವೆ, ಸುತ್ತಿನ ಒಂದು ಕಾಲುಭಾಗವನ್ನು ಕಾಗದದ ಮೇಲೆ ಕೈಯಾರೆ ಮಾಡಿ ಉತ್ತರ ತಾಳೆ ನೋಡಬಹುದು. ಹದಿನೈದರ ಮಗ್ಗಿ ಬಲ್ಲ ಹುಡುಗ ಹುಡುಗಿಯರಿಗೆ ಇದು ದಾಟಲಾಗದ ಬೆಟ್ಟವಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟೇ. ಅರಸೀಕೆರೆ, ಗಂಡಸಿ, ಜಾವಗಲ್ ಕಡೆಯ ಬಿಸಿಎ, ಬಿಎಸ್ಸಿ ವಿದ್ಯಾರ್ಥಿಗಳಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಕೊಡುವಾಗ ಪೇಟೆಯಿಂದ ಸಿದ್ಧ ವೆಬ್‌ಸೈಟ್ ಕೊಂಡು ತಂದು ಒಪ್ಪಿಸಲು ಬಿಡಬೇಡಿ. ಈ ಗ್ರಂಥಾಲಯದ ಒಂದು ಕಡತವನ್ನು ಓದಿ, ಕನ್ನಡದಲ್ಲಿ ವಿವರಿಸಿ, ಒಂದು ಹೊಸ ಪರೀಕ್ಷೆ ಬರೆದು ತರಲು ಹೇಳಿ. ವಿದ್ಯಾರ್ಥಿಗಳೇ, ನೀವು ಬರೆದ ಪರೀಕ್ಷೆಯಿಂದ ಕೋಡಿನಲ್ಲಿ ಒಂದು ದೋಷ ಸಿಕ್ಕರೆ ಅದನ್ನು ನಿಮ್ಮ ಹೆಸರು ಹಾಕಿ ಉಸ್ತುವಾರಿಗಳಿಗೆ ಕಳಿಸಿ.